ಚಿತ್ರ ನೋಡಿದವರು ಖಾತೆ ಸಂಖ್ಯೆ ಕೇಳುತ್ತಾರೆ, ಮಗುವಿನ ಮನೆ ಎಲ್ಲಿ ಎಂದು ಕೇಳುವುದಿಲ್ಲ: ಏನು ಮಾಡಬೇಕು?

ಪ್ರಶ್ನೆ: ಅರ್ಧಕತ್ತಲು, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಇಬ್ಬರು ಗೆಳತಿಯರೂ ಸೇರಿ ಕಳೆದ ಹನ್ನೊಂದು ತಿಂಗಳಿನಿಂದ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಚಿಕ್ಕ ಊರೊಂದರ ಅಂಚಿನಲ್ಲಿರುವ ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಅದರ ವಸ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಚಿತ್ರದಲ್ಲಿಯೂ ಹೇಳಿಲ್ಲ. ಅಲ್ಲಿನವರು ಕೆಟ್ಟವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ, ಶಾಲೆಯ ಸಮವಸ್ತ್ರ ಒಗೆದು ಮಡಿಸಿಟ್ಟಿರುತ್ತದೆ, ಹಬ್ಬಕ್ಕೆ ಹೋಳಿಗೆ ಮಾಡುತ್ತಾರೆ. ಆದರೆ ಮೂವತ್ತೆಂಟು ಮಕ್ಕಳಿಗೆ ರಾತ್ರಿ ಒಬ್ಬರೇ ಆಯಾ ಇರುವ ಕಡೆ, ಜ್ವರ ಬಂದ ಮಗು ಯಾರ ಮಗ್ಗುಲಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪ್ರತಿ ಮಗುವಿಗೂ ಕುಟುಂಬದಲ್ಲಿ ಬೆಳೆಯುವ ಹಕ್ಕಿದೆ, ಒಳ್ಳೆಯ ಸಂಸ್ಥೆಯೂ ಆ ಹಕ್ಕಿಗೆ ಬದಲಿಯಾಗಲಾರದು ಎಂಬುದು ನಾವು ಹೇಳಲು ಹೊರಟ ಮಾತು.

ಕಳೆದ ತಿಂಗಳು ಮೊದಲ ಸಂಕಲನವನ್ನು ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಹನ್ನೆರಡು ಮಂದಿಗೆ ತೋರಿಸಿದೆವು. ನಲವತ್ತೆಂಟು ನಿಮಿಷ. ದೀಪ ಹಾಕಿದಾಗ ನಾಲ್ಕೈದು ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ಕಂಡು ನಮಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಒಬ್ಬರು ಸಂಸ್ಥೆಯ ಬ್ಯಾಂಕ್ ಖಾತೆಯ ಸಂಖ್ಯೆ ಕೇಳಿದರು. ಮತ್ತೊಬ್ಬರು ತಮ್ಮ ಮಗಳ ಹುಟ್ಟುಹಬ್ಬದ ದಿನ ಅಲ್ಲಿನ ಮಕ್ಕಳಿಗೆ ಊಟ ಹಾಕಿಸಬಹುದೇ ಎಂದರು. ಮಕ್ಕಳಿಲ್ಲದ ದಂಪತಿಗಳಿಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಆ ಎರಡು ಜಡೆಯ ಹುಡುಗಿಯನ್ನು ತಮಗೆ ಕೊಡಿಸಲು ಸಾಧ್ಯವೇ ಎಂದು ವಿಚಾರಿಸಿದರು. ಆ ಹುಡುಗಿಗೆ ಅಜ್ಜಿ ಇದ್ದಾರೆ ಎಂಬುದು ಚಿತ್ರದ ಮೂವತ್ತೊಂದನೆಯ ನಿಮಿಷದಲ್ಲಿ ಬರುತ್ತದೆ. ಅಜ್ಜಿ ಇದ್ದೂ ಮಗು ಇಲ್ಲೇಕಿದೆ ಎಂದು ಹನ್ನೆರಡು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಹೀಗಾಗಿ ನನ್ನ ಪ್ರಶ್ನೆಗಳು ಇವು. ಸಾಕ್ಷ್ಯಚಿತ್ರವೊಂದರಿಂದ ಸಂಸ್ಥೆಗಳಲ್ಲಿದ್ದ ಮಕ್ಕಳು ನಿಜವಾಗಿ ಕುಟುಂಬಗಳಿಗೆ ಸೇರಿದ ಉದಾಹರಣೆ ಎಲ್ಲಿಯಾದರೂ ಇದೆಯೇ? ಇದ್ದರೆ, ಆ ಚಿತ್ರಗಳು ಏನನ್ನು ತೋರಿಸಿದವು, ಏನನ್ನು ಬಿಟ್ಟವು? ಮಕ್ಕಳ ಮುಖ ತೋರಿಸುವ ವಿಷಯದಲ್ಲಿ ನಮ್ಮ ಕಾನೂನು ಏನು ಹೇಳುತ್ತದೆ? ಸಂಸ್ಥೆಯವರು ಬರೆದುಕೊಟ್ಟ ಒಪ್ಪಿಗೆ ಪತ್ರ ನಮ್ಮ ಬಳಿ ಇದೆ, ಅದು ಸಾಕೆಂದು ಇಷ್ಟು ದಿನ ಅಂದುಕೊಂಡಿದ್ದೆವು.

ಉತ್ತರ: ಹಳೇ ರೀಲು

ಅರ್ಧಕತ್ತಲು ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಇದೆ ಎಂಬುದೇ ಉತ್ತರ. ಆದರೆ ಆ ಉದಾಹರಣೆಯನ್ನು ಅದಕ್ಕಿಂತ ಹಿಂದಿನ ಒಂದು ಅನಾಹುತದ ಪಕ್ಕದಲ್ಲಿಟ್ಟು ನೋಡಬೇಕು. ನಾನು ಬಹಳ ವರ್ಷ ಒಂದು ಚಿತ್ರ ಸಮಾಜವನ್ನು ನಡೆಸಿದವನು, ಈ ಬಗೆಯ ಚಿತ್ರಗಳನ್ನು ತರಿಸಿ ತೋರಿಸಿ ಚರ್ಚಿಸಿದವನು. ಸ್ವಲ್ಪ ಉದ್ದವಾದರೆ ಮನ್ನಿಸಿ.

ಅನಾಹುತ ರೊಮೇನಿಯಾದ್ದು. ಅಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ ಜನಸಂಖ್ಯೆ ಹೆಚ್ಚಿಸುವ ಹಟದಲ್ಲಿ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಸಾಕಲಾಗದ ಮಕ್ಕಳನ್ನು ಸರ್ಕಾರವೇ ಬೆಳೆಸುತ್ತದೆ ಎಂಬ ಭರವಸೆಯೂ ಜೊತೆಗಿತ್ತು. 1989ರ ಡಿಸೆಂಬರಿನಲ್ಲಿ ಆಡಳಿತ ಕುಸಿದಾಗ ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಪಾಶ್ಚಾತ್ಯ ದೂರದರ್ಶನ ತಂಡಗಳು ಒಳಗೆ ಹೋಗಿ ಕಂಡದ್ದನ್ನು 1990ರಲ್ಲಿ ಪ್ರಸಾರ ಮಾಡಿದವು: ಕಬ್ಬಿಣದ ತೊಟ್ಟಿಲುಗಳ ಸಾಲು, ಬೋಳಿಸಿದ ತಲೆಗಳು, ತಮ್ಮನ್ನು ತಾವೇ ತೂಗಿಕೊಳ್ಳುವ ದೇಹಗಳು. ನೋಡಿದವರು ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ, ವಿಮಾನ ಹತ್ತಿದರು. 1990ರಿಂದ 1991ರ ಮಧ್ಯದವರೆಗಿನ ಸುಮಾರು ಒಂದೂವರೆ ವರ್ಷದಲ್ಲಿ ಹತ್ತಿರ ಹತ್ತಿರ 10,000 ಮಕ್ಕಳು ವಿದೇಶಗಳಿಗೆ ದತ್ತು ಹೋದರು. ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಪರದೆಯ ಮೇಲೆ ಕಂಡ ಆ ಕೋಣೆಗಳಿಂದ ಹೋದವರೇ ಅಲ್ಲ. ಬಂದವರಿಗೆ ಆರೋಗ್ಯವಂತ ಪುಟ್ಟ ಶಿಶುಗಳು ಬೇಕಿದ್ದವು; ದಲ್ಲಾಳಿಗಳು ಬಡವರ ಮನೆಗಳಿಗೆ ಹೋಗಿ ತಾಯಂದಿರ ಮಡಿಲಿನಿಂದಲೇ ಕೂಸುಗಳನ್ನು ವ್ಯವಹಾರ ಮಾಡಿ ತಂದರು. ತೊಟ್ಟಿಲ ಮಕ್ಕಳನ್ನು ತೋರಿಸಿದ ಚಿತ್ರಗಳು ಮಡಿಲುಗಳನ್ನು ಖಾಲಿ ಮಾಡಿದವು. 1991ರ ಜುಲೈಯಲ್ಲಿ ರೊಮೇನಿಯಾ ದತ್ತು ಪ್ರಕ್ರಿಯೆಯನ್ನೇ ತಡೆಹಿಡಿಯಬೇಕಾಯಿತು. ದೇಶ ದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಡಂಬಡಿಕೆಯ ಹಿಂದೆ ಈ ಅನುಭವದ ಕಹಿಯೂ ಇದೆ. ಭಾರತ ಅದನ್ನು 2003ರಲ್ಲಿ ಸ್ಥಿರೀಕರಿಸಿತು.

ಈಗ ನೀವು ಕೇಳಿದ ಉದಾಹರಣೆ. ಕೇಟ್ ಬ್ಲೂವೆಟ್ ಎಂಬ ಬ್ರಿಟಿಷ್ ನಿರ್ದೇಶಕಿ 1995ರಲ್ಲಿ ಬ್ರಯನ್ ವುಡ್ಸ್ ಜೊತೆಗೂಡಿ ಚೀನಾದ ಅನಾಥಾಲಯಗಳನ್ನು ಗುಪ್ತ ಕ್ಯಾಮರಾದಲ್ಲಿ ಚಿತ್ರಿಸಿದ್ದವರು. ಆಗ ಚೀನಾ ಸರ್ಕಾರ ಎಲ್ಲವನ್ನೂ ಅಲ್ಲಗಳೆಯಿತು. ಹನ್ನೆರಡು ವರ್ಷಗಳ ಬಳಿಕ, 2007ರಲ್ಲಿ, ಅವರು ಬಲ್ಗೇರಿಯಾದ ಮೊಗಿಲಿನೊ ಎಂಬ ಹಳ್ಳಿಯ ಸಂಸ್ಥೆಯನ್ನು ಕುರಿತು ಬಿಬಿಸಿಗಾಗಿ ಚಿತ್ರ ಮಾಡಿದರು. ಈ ಬಾರಿ ಕದ್ದು ಚಿತ್ರಿಸಲಿಲ್ಲ. ಅನುಮತಿ ಪಡೆದು, ತಿಂಗಳುಗಟ್ಟಲೆ ಮತ್ತೆ ಮತ್ತೆ ಹೋಗಿ, ಅದೇ ಮಕ್ಕಳನ್ನು ಋತು ಬದಲಾದಂತೆ ಹಿಂಬಾಲಿಸಿದರು. ಮಾತನಾಡುತ್ತಾ ಬಂದ ಹುಡುಗಿಯೊಬ್ಬಳು ಸುತ್ತ ಮಾತನಾಡುವವರೇ ಇಲ್ಲದೆ ನಿಧಾನವಾಗಿ ಮೌನಕ್ಕೆ ಜಾರುವುದನ್ನು ಆ ಚಿತ್ರದಲ್ಲಿ ಕಾಣುತ್ತೇವೆ. ಒಂದು ದಿನದ ಭೇಟಿಯಲ್ಲಿ ಅದು ಕ್ಯಾಮರಾಕ್ಕೆ ಸಿಕ್ಕುವಂಥದ್ದಲ್ಲ. ಕೊಳಕು, ಹಸಿವು, ಹೊಡೆತ ಇವು ಮೊದಲ ದಿನವೇ ಸಿಕ್ಕುತ್ತವೆ. ಕುಟುಂಬವಿಲ್ಲದಿರುವುದು ಮಗುವಿಗೆ ಏನು ಮಾಡುತ್ತದೆ ಎಂಬುದು ಸಿಕ್ಕಬೇಕಾದರೆ ಕಾಯಬೇಕು.

ಚಿತ್ರ ಪ್ರಸಾರವಾದಾಗ ಬಲ್ಗೇರಿಯಾದಲ್ಲಿ ಮೊದಲು ಎದ್ದದ್ದು ಸಿಟ್ಟು. ಹೊರಗಿನವರು ಬಂದು ನಮ್ಮ ಮಾನ ಹರಾಜು ಹಾಕಿದರು ಎಂಬ ಮಾತೇ ಹೆಚ್ಚು ಕೇಳಿಬಂತು. ಆದರೆ ಆ ದೇಶ ಅದೇ 2007ರ ಜನವರಿಯಲ್ಲಿ ಐರೋಪ್ಯ ಒಕ್ಕೂಟ ಸೇರಿತ್ತು. ಒಕ್ಕೂಟದ ಅನುದಾನ ಬರುವುದಿತ್ತು, ಪ್ರಶ್ನಿಸುವವರೂ ಇದ್ದರು. 2009ರಲ್ಲಿ ಮೊಗಿಲಿನೊ ಮುಚ್ಚಿತು. 2010ರಲ್ಲಿ ಸರ್ಕಾರ ಹದಿನೈದು ವರ್ಷಗಳಲ್ಲಿ ಹಳೆಯ ಮಾದರಿಯ ಸಂಸ್ಥೆಗಳೆಲ್ಲವನ್ನೂ ಮುಚ್ಚುವ ಕಾರ್ಯನೀತಿಯನ್ನು ಅಂಗೀಕರಿಸಿತು. ಸಂಸ್ಥೆಗಳಲ್ಲಿದ್ದ ಸಾವಿರಾರು ಮಕ್ಕಳ ಸಂಖ್ಯೆ ಮುಂದಿನ ವರ್ಷಗಳಲ್ಲಿ ಕೆಲವು ನೂರಕ್ಕೆ ಇಳಿಯಿತು. ಇದೆಲ್ಲ ಚಿತ್ರದಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆ. ಅಲ್ಲಿನ ವಕೀಲರು, ಹಕ್ಕುಗಳ ಕಾರ್ಯಕರ್ತರು ಬಹಳ ಹಿಂದಿನಿಂದ ಕಡತ ಹಿಡಿದು ಅಲೆಯುತ್ತಿದ್ದರು. ಜುರ್ಕೊವೊ ಎಂಬ ಇನ್ನೊಂದು ಹಳ್ಳಿಯ ಸಂಸ್ಥೆಯಲ್ಲಿ 1996–97ರ ಚಳಿಗಾಲದಲ್ಲಿ 15 ಮಕ್ಕಳು ಮತ್ತು ಎಳೆಯರು ಶೀತ ಮತ್ತು ಆಹಾರ, ಔಷಧಗಳ ಕೊರತೆಯಿಂದ ಸತ್ತಿದ್ದರು. ಅಲ್ಲಿ ಯಾರ ಕ್ಯಾಮರಾವೂ ಇರಲಿಲ್ಲ. ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಬಲ್ಗೇರಿಯಾ ತಪ್ಪಿತಸ್ಥ ಎಂದು ಹೇಳುವಾಗ 2013 ಆಗಿತ್ತು. ಚಿತ್ರ ಮಾಡುವುದು ಕಾಯುವ ಅವಧಿಯನ್ನು ಕಡಿಮೆ ಮಾಡುವ ಕೆಲಸ, ಅಷ್ಟೇ ಎಂದು ನನಗನ್ನಿಸುತ್ತದೆ; ಆ ಅಷ್ಟೇ ಎಂಬುದು ಒಂದು ಮಗುವಿನ ಪಾಲಿಗೆ ಇಡೀ ಬಾಲ್ಯ.

ಮತ್ತೊಂದು ಮಾತು. ಬಲ್ಗೇರಿಯಾ ದೊಡ್ಡ ಕಟ್ಟಡಗಳನ್ನು ಮುಚ್ಚಿ, ಆ ಮಕ್ಕಳಲ್ಲಿ ಅನೇಕರನ್ನು, ಅದರಲ್ಲೂ ಅಂಗವಿಕಲ ಮಕ್ಕಳನ್ನು, ಹತ್ತು ಹನ್ನೆರಡು ಜನರ ಹೊಸ ಗುಂಪು ಮನೆಗಳಿಗೆ ಸೇರಿಸಿತು. ಗೋಡೆಗೆ ಹೊಸ ಬಣ್ಣ, ಹೊಸ ಮಂಚ, ಪಾಳಿಯಲ್ಲಿ ಬಂದುಹೋಗುವ ಅದೇ ಸಿಬ್ಬಂದಿ. ಇದು ಕುಟುಂಬವಲ್ಲ ಎಂದು ಅಂತರರಾಷ್ಟ್ರೀಯ ಅಂಗವಿಕಲ ಹಕ್ಕುಗಳ ಸಂಘಟನೆಯೊಂದು 2019ರಲ್ಲಿ ಕಟುವಾಗಿಯೇ ಬರೆಯಿತು. ಚಿತ್ರ ತೋರಿಸಿದ್ದು ಕೆಟ್ಟ ಕಟ್ಟಡವನ್ನು, ಸರ್ಕಾರ ಕೊಟ್ಟ ಉತ್ತರ ಒಳ್ಳೆಯ ಕಟ್ಟಡ. ನಿಮ್ಮ ಮಹಡಿಯ ಮೇಲಿನ ಹನ್ನೆರಡು ಜನರಲ್ಲಿ ಒಬ್ಬರು ಖಾತೆ ಸಂಖ್ಯೆ ಕೇಳಿದ್ದು ಇದೇ ಕಾರಣಕ್ಕೆ ಇರಬಹುದು.

ಉತ್ತರ: ಭಾನುವಾರದ ಭೇಟಿ

ನಾನು ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲವು ವರ್ಷ ಆಪ್ತ ಸಮಾಲೋಚಕಿಯಾಗಿದ್ದವಳು. ಮೊದಲು ಕಾನೂನಿನ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ತುರ್ತಿನದು.

ಸಂಸ್ಥೆಯವರು ಕೊಟ್ಟ ಒಪ್ಪಿಗೆ ಪತ್ರ ಸಾಲದು. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮಿನ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಹತ್ತುವಂಥ ಬೇರಾವುದೇ ವಿವರವನ್ನು ಪತ್ರಿಕೆ, ದೃಶ್ಯ ಮಾಧ್ಯಮ ಅಥವಾ ಬೇರೆ ಯಾವ ಸಂವಹನ ರೂಪದಲ್ಲಿಯೂ ಬಹಿರಂಗಪಡಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮಗುವಿನ ಹಿತಕ್ಕೆ ಬಹಿರಂಗಪಡಿಸುವುದೇ ಒಳ್ಳೆಯದು ಎಂದು ವಿಚಾರಣೆ ನಡೆಸುತ್ತಿರುವ ಮಕ್ಕಳ ಕಲ್ಯಾಣ ಸಮಿತಿಗೆ ಅನ್ನಿಸಿದರೆ, ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬಹುದು. ಆ ಅಧಿಕಾರ ಸಮಿತಿಯದ್ದು, ಸಂಸ್ಥೆಯ ಮೇಲ್ವಿಚಾರಕರದ್ದಲ್ಲ. ಮುಖವನ್ನು ಮಸುಕು ಮಾಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಮುಖ ಮಸುಕಾಗಿದ್ದು ಹಿನ್ನೆಲೆಯಲ್ಲಿ ಶಾಲೆಯ ಫಲಕ ಸ್ಪಷ್ಟವಾಗಿದ್ದರೆ ಏನು ಪ್ರಯೋಜನ? ಎರಡು ಜಡೆಯ ಹುಡುಗಿ ಎಂದು ನೀವು ಇಲ್ಲಿ ಬರೆದದ್ದನ್ನೂ ಸಾಧ್ಯವಾದರೆ ಅಳಿಸಿಬಿಡಿ.

ಇನ್ನು ಅಜ್ಜಿಯ ಪ್ರಶ್ನೆ. ನಿಮ್ಮ ಚಿತ್ರದ ಜೀವ ಅಲ್ಲಿದೆ, ಅದನ್ನು ಮೂವತ್ತೊಂದನೆಯ ನಿಮಿಷದಲ್ಲಿ ಬಚ್ಚಿಟ್ಟಿದ್ದೀರಿ.

ಅನಾಥ ಎಂಬ ಪದವನ್ನು ನಾವು ಬಹಳ ಧಾರಾಳವಾಗಿ ಬಳಸುತ್ತೇವೆ. ಯುನಿಸೆಫ್ ಲೆಕ್ಕದಲ್ಲಿ 2015ರಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದರು. ಆದರೆ ಆ ಲೆಕ್ಕದಲ್ಲಿ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ ಸುಮಾರು ಒಂದೂವರೆ ಕೋಟಿ, ಅವರಲ್ಲಿಯೂ ಹೆಚ್ಚಿನವರು ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರ ಬಳಿ ಇರುವವರು. ಎಷ್ಟೋ ಚಿತ್ರಗಳು ಈ ದೊಡ್ಡ ಸಂಖ್ಯೆಯನ್ನು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ತೋರಿಸಿ ಆರಂಭವಾಗುತ್ತವೆ. ನಿಮ್ಮದೂ ಹಾಗೆಯೇ ಆರಂಭವಾಗುತ್ತಿದ್ದರೆ ದಯವಿಟ್ಟು ಆ ಫಲಕವನ್ನು ತೆಗೆಯಿರಿ. ನೋಡುಗರು ಆ ಕ್ಷಣವೇ ಅಷ್ಟೂ ಮಕ್ಕಳು ದತ್ತು ಹೋಗಲು ಕಾದು ಕುಳಿತಿದ್ದಾರೆ ಎಂದು ತಿಳಿದುಬಿಡುತ್ತಾರೆ.

ನಾನಿದ್ದ ಕಡೆ ತಿಂಗಳ ಎರಡನೆಯ ಭಾನುವಾರ ಬಂಧುಗಳ ಭೇಟಿಗೆ ಅವಕಾಶವಿತ್ತು. ಒಬ್ಬ ಅಜ್ಜಿ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ರವೆ ಉಂಡೆ, ಅದರ ಮುಚ್ಚಳ ಸಡಿಲವಾಗಿದ್ದರಿಂದ ಸೀರೆಯ ಹಳೇ ಅಂಚಿನಲ್ಲಿ ಕಟ್ಟಿದ ಗಂಟು. ಮೊಮ್ಮಗ ಉಂಡೆ ತಿನ್ನುವಷ್ಟು ಹೊತ್ತೂ ಅವರು ಅವನ ಕಾಲ್ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಉಗುರು ಕತ್ತರಿಸಿದ್ದಾರೋ ಇಲ್ಲವೋ ಎಂದು. ಆ ಹುಡುಗನ ತಾಯಿ ತೀರಿಕೊಂಡಿದ್ದರು, ತಂದೆ ಬೇರೆ ಊರಿಗೆ ಕೆಲಸಕ್ಕೆ ಹೋದವರು ಮರಳಿರಲಿಲ್ಲ. ಅಜ್ಜಿ ಅವನನ್ನು ಬಿಟ್ಟದ್ದು ಸಾಕಲು ಮನಸ್ಸಿಲ್ಲದೆ ಅಲ್ಲ, ಊರಿನಲ್ಲಿ ಯಾರೋ ಅಲ್ಲಿ ಊಟ, ಶಾಲೆ ಎರಡೂ ಪುಕ್ಕಟೆ ಎಂದು ಹೇಳಿದ್ದರಿಂದ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ ಬಂಧುಗಳ ಬಳಿ ಬೆಳೆಯುವ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗ್ರಾಮೀಣ ಕುಟುಂಬಕ್ಕೆ ವರ್ಷದ ಆದಾಯ 72,000 ರೂಪಾಯಿ, ಬೇರೆ ಕಡೆ 96,000 ರೂಪಾಯಿ ಮೀರಿರಬಾರದು ಎಂಬ ಮಿತಿಯಿದೆ. ಆ ಅಜ್ಜಿಯ ಆದಾಯ ಅದರ ಹತ್ತಿರಕ್ಕೂ ಬರುವಂಥದ್ದಲ್ಲ. ಆದಾಯ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಜಂಟಿ ಖಾತೆ ಇವಿಷ್ಟನ್ನು ಹೊಂದಿಸಲು ಏಳು ತಿಂಗಳು ಹಿಡಿಯಿತು. ಹುಡುಗ ಮನೆಗೆ ಹೋದ.

ಸಂಸ್ಥೆ ಕೊನೆಯ ಉಪಾಯವಾಗಿರಬೇಕು, ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಮೊದಲ ಗುರಿಯಾಗಿರಬೇಕು ಎಂದು ನಮ್ಮ ಕಾಯ್ದೆಯಲ್ಲಿಯೇ ಬರೆದಿದೆ. ನಿಮ್ಮ ಚಿತ್ರ ಕೇಳಬೇಕಾದದ್ದು ಹೊಸ ಹಕ್ಕನ್ನಲ್ಲ. ಇರುವ ಹಕ್ಕಿಗೆ ಏಳು ತಿಂಗಳು ಏಕೆ ಎಂಬುದನ್ನು ಚಿತ್ರಿಸಿ. ಕಚೇರಿಯ ಬೆಂಚು, ಮುಚ್ಚಿದ ಕೌಂಟರ್, ಹೆಬ್ಬೆಟ್ಟಿನ ಶಾಯಿ, ಇವಕ್ಕೆ 74ನೆಯ ಕಲಮಿನ ಅಡ್ಡಿಯಿಲ್ಲ.

ಉತ್ತರ: ಮೂವತ್ತೊಂಬತ್ತು ತಿಂಗಳು

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ದತ್ತು ಪಡೆಯಲು ಬಯಸುವವರೆಲ್ಲ ಕ್ಯಾಮರಾ ನೋಡಿ ಮಗುವನ್ನು ಆರಿಸಲು ಓಡಿಬರುವವರು ಎಂಬ ಧ್ವನಿ ಈ ಚರ್ಚೆಯಲ್ಲಿ ನುಸುಳುತ್ತಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಹೆಸರೇ ಹೇಳುವಂತೆ ನಾವು ಮೂವತ್ತೊಂಬತ್ತು ತಿಂಗಳು ಕಾದು ನಮ್ಮ ಮಗಳನ್ನು ಮನೆಗೆ ತಂದೆವು.

ಅಜ್ಜಿ ಇರುವ ಮಗು ಅಜ್ಜಿಯ ಬಳಿಗೆ ಹೋಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭೇಟಿಗೆ ಯಾರೂ ಬರದ ಮಕ್ಕಳೂ ಇದ್ದಾರೆ. ವರ್ಷಗಟ್ಟಲೆ ಯಾರೂ ಬಾರದಿದ್ದರೂ ಕಾಗದದ ಮೇಲೆ ಎಲ್ಲೋ ಒಬ್ಬ ತಂದೆ ಇದ್ದಾನೆಂಬ ಕಾರಣಕ್ಕೆ ದತ್ತಿಗೆ ಮುಕ್ತ ಎಂದು ಘೋಷಣೆಯಾಗದೆ, ಐದು ವರ್ಷದ ಮಗು ಅಲ್ಲಿಯೇ ಹನ್ನೆರಡು ವರ್ಷದ್ದಾಗುತ್ತದೆ. ಅಷ್ಟರಲ್ಲಿ ಅದನ್ನು ಕೇಳುವವರು ಕಡಿಮೆಯಾಗಿರುತ್ತಾರೆ. ಪರಿತ್ಯಕ್ತ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಘೋಷಣೆಯಾಗಬೇಕು ಎಂದು ಕಾಯ್ದೆ ಹೇಳುತ್ತದೆ. 2024–25ರಲ್ಲಿ ದೇಶದಲ್ಲಿ 4,515 ದತ್ತುಗಳಾದವು. ಅದೇ ಹಿಂದಿನ ಹನ್ನೆರಡು ವರ್ಷಗಳಲ್ಲಿ ಅತಿ ಹೆಚ್ಚು. ಕಾಯುತ್ತಿರುವ ದಂಪತಿಗಳು ಅದಕ್ಕಿಂತ ಹಲವು ಪಟ್ಟು. 2022ರಿಂದ ದತ್ತು ಆದೇಶ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳಿಂದ ಬರುತ್ತಿರುವುದು ಒಂದಿಷ್ಟು ನೆರವಾಗಿದೆ.

ವಿದೇಶಿ ದತ್ತಿನಲ್ಲಿ ಆಗುವ ಇಂಥ ವಿಳಂಬವನ್ನೇ ವಸ್ತುವಾಗಿಟ್ಟುಕೊಂಡ ಚಿತ್ರವೊಂದು ಅಮೆರಿಕದಲ್ಲಿ ಬಂದಿತ್ತು. ಹೈಟಿಯಿಂದ ಮೂವರು ಮಕ್ಕಳನ್ನು ದತ್ತು ಪಡೆದಿದ್ದ ಕ್ರೇಗ್ ಯುಂಟುನೆನ್ ಎಂಬವರು ಅದನ್ನು ನಿರ್ಮಿಸಿ, ಬಸ್ಸಿನಲ್ಲಿ ಊರೂರಿಗೆ ಕೊಂಡೊಯ್ದು ತೋರಿಸಿ, 2013ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ ತಲುಪಿದರು. ಆ ವರ್ಷವೇ ಅಲ್ಲಿನ ಸಂಸತ್ತಿನಲ್ಲಿ ಈ ವಿಷಯದ ಒಂದು ಮಸೂದೆಯೂ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. 2004ರಲ್ಲಿ ಸುಮಾರು 23,000 ವಿದೇಶಿ ಮಕ್ಕಳನ್ನು ದತ್ತು ಪಡೆದಿದ್ದ ಆ ದೇಶದಲ್ಲಿ 2023ರ ಹೊತ್ತಿಗೆ ಆ ಸಂಖ್ಯೆ 1,300ಕ್ಕಿಂತ ಕೆಳಗಿಳಿದಿತ್ತು. ಚಿತ್ರ ಸೋತಿತು ಎನ್ನಬಹುದು. ಆದರೂ ತೊಟ್ಟಿಲಿನಲ್ಲಿ ಕಾಯುವ ಒಂದೊಂದು ತಿಂಗಳೂ ಮಗುವಿಗೆ ನಷ್ಟ ಎಂಬ ಅದರ ಮೂಲ ಮಾತು ಸುಳ್ಳಲ್ಲ. ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ವಿಜ್ಞಾನಿಗಳು ಸಂಸ್ಥೆಗಳಲ್ಲಿದ್ದ 136 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧದಷ್ಟನ್ನು ಪೋಷಕ ಕುಟುಂಬಗಳಿಗೆ ಕಳಿಸಿ ವರ್ಷಗಟ್ಟಲೆ ಹೋಲಿಸಿ ನೋಡಿದ ಅಧ್ಯಯನ ಹೇಳಿದ್ದೂ ಅದನ್ನೇ: ಕುಟುಂಬ ಸೇರಿದವರ ಬುದ್ಧಿಬೆಳವಣಿಗೆ ಉತ್ತಮ, ಎರಡು ವರ್ಷದೊಳಗೆ ಸೇರಿದವರದು ಇನ್ನೂ ಉತ್ತಮ. ಆ ಫಲಿತಾಂಶ ಪ್ರಕಟವಾದದ್ದು ಮೊಗಿಲಿನೊ ಚಿತ್ರ ಬಂದ 2007ರಲ್ಲಿಯೇ.

ನಮ್ಮಂಥವರು ನೋಡಲೇಬೇಕಾದ ಇನ್ನೊಂದು ಚಿತ್ರವೂ ಇದೆ, ನೋಡಿ ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಡೆನ್ಮಾರ್ಕಿನ ಕತ್ರಿನೆ ಕ್ಯಾರ್ 2012ರಲ್ಲಿ ಮಾಡಿದ್ದು. ಎಚ್‌ಐವಿ ಸೋಂಕಿನಿಂದ ತಾವು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದು ನಂಬಿದ ಇಥಿಯೋಪಿಯಾದ ದಂಪತಿಗಳು ಇಬ್ಬರು ಕಿರಿಯ ಮಕ್ಕಳನ್ನು ಡೆನ್ಮಾರ್ಕಿನವರಿಗೆ ಕೊಡುತ್ತಾರೆ. ನಿರ್ದೇಶಕಿ ಕ್ಯಾಮರಾವನ್ನು ಎರಡೂ ಮನೆಗಳಲ್ಲಿ ಇಡುತ್ತಾರೆ. ಹೆತ್ತವರು ಬದುಕಿ ಉಳಿಯುತ್ತಾರೆ. ಮಕ್ಕಳ ಸುದ್ದಿಗಾಗಿ ಕಚೇರಿಗೆ ಅಲೆಯುತ್ತಾರೆ. ಡೆನ್ಮಾರ್ಕಿನಲ್ಲಿ ಆ ಇಬ್ಬರಲ್ಲಿ ದೊಡ್ಡವಳಾದ ಹುಡುಗಿ ಹೊಂದಿಕೊಳ್ಳಲಾಗದೆ ಕೊನೆಗೆ ಒಂದು ಮಕ್ಕಳ ಸಂಸ್ಥೆ ಸೇರುತ್ತಾಳೆ. ಇಥಿಯೋಪಿಯಾ 2018ರಲ್ಲಿ ವಿದೇಶಿ ದತ್ತುವನ್ನು ನಿಷೇಧಿಸಿತು. ದತ್ತು ಪಡೆದ ತಾಯಿಯಾಗಿ ನಾನು ಹೇಳುವುದಿಷ್ಟು: ನಮ್ಮನ್ನು ದೇವರನ್ನಾಗಿಯೂ ತೋರಿಸಬೇಡಿ, ಕಳ್ಳರನ್ನಾಗಿಯೂ ತೋರಿಸಬೇಡಿ. ನಿಮ್ಮನ್ನು ಪಕ್ಕಕ್ಕೆ ಕರೆದ ಆ ದಂಪತಿಗಳಿಗೆ ದತ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಕಾರಾದ (ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ) ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಲು ಹೇಳಿ. ಬೇರೆ ದಾರಿಯಿಲ್ಲ, ಇರಲೂ ಬಾರದು. 2021ರ ಕೋವಿಡ್ ಸಮಯದಲ್ಲಿ ಎರಡು ದಿನದ ಕೂಸು, ತಂದೆ ತಾಯಿ ಇಬ್ಬರೂ ಇಲ್ಲ, ಬೇಕಾದವರು ಈ ಸಂಖ್ಯೆಗೆ ಕರೆ ಮಾಡಿ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹೇಗೆ ಹರಿದಾಡಿದವೆಂದು ನೆನಪಿರಬಹುದು. ಸುಪ್ರೀಂ ಕೋರ್ಟೇ ಅಂಥ ಅಕ್ರಮ ದತ್ತಿನ ವಿರುದ್ಧ ಕ್ರಮಕ್ಕೆ ಆದೇಶಿಸಬೇಕಾಯಿತು.

ಉತ್ತರ: ಹಾಸಿಗೆ ಸಂಖ್ಯೆ 14

ನಾನು ಆರನೆಯ ವಯಸ್ಸಿನಿಂದ ಹದಿನೆಂಟರವರೆಗೆ ಇಂಥದೊಂದು ಸಂಸ್ಥೆಯಲ್ಲಿ ಬೆಳೆದವನು, ಈಗ ಉದ್ಯೋಗದಲ್ಲಿದ್ದೇನೆ. ಬೇರೆಯವರಂತೆ ಉದ್ದಕ್ಕೆ ಬರೆಯಲಾರೆ.

ಒಮ್ಮೆ ನಮ್ಮಲ್ಲಿಗೂ ಚಿತ್ರೀಕರಣದವರು ಬಂದಿದ್ದರು. ಅವರು ಬರುವ ಹಿಂದಿನ ದಿನ ಹೊಸ ಬೆಡ್‌ಶೀಟ್ ಹಾಸಿದರು, ಹೋದ ಮರುದಿನ ತೆಗೆದರು. ಅದು ನಮಗೆ ತಮಾಷೆಯಾಗಿತ್ತು. ತಮಾಷೆಯಾಗಿಲ್ಲದ್ದು ಬೇರೆ. ಕ್ಯಾಮರಾ ಹಿಡಿದಿದ್ದ ಅಣ್ಣ ನನ್ನನ್ನು ಕಿಟಕಿಯ ಪಕ್ಕದಲ್ಲಿ ಕೂರಿಸಿ, ಅಮ್ಮನನ್ನು ನೆನೆಸಿಕೊ ಎಂದರು. ನನಗೆ ಅಮ್ಮನ ಮುಖ ನೆನಪಿರಲಿಲ್ಲ. ನೆನಪಿಲ್ಲ ಎಂದರೆ ಅವರಿಗೆ ಬೇಸರವಾಗುತ್ತದೆಂದು ಅಡುಗೆಯ ಅಕ್ಕನನ್ನು ನೆನೆಸಿಕೊಂಡೆ. ಅಳು ಬಂತು. ಚೆನ್ನಾಗಿ ಬಂತು ಎಂದು ಅವರು ಬೆನ್ನು ತಟ್ಟಿದರು. ಆ ಚಿತ್ರವನ್ನು ನಮಗೆ ಯಾರೂ ತೋರಿಸಲಿಲ್ಲ. ಪಿಯುಸಿಯಲ್ಲಿ ಸಹಪಾಠಿಯೊಬ್ಬ ಮೊಬೈಲಿನಲ್ಲಿ ಅದನ್ನು ತೋರಿಸಿ, ಇದು ನೀನೇ ಅಲ್ಲವಾ ಎಂದು ಕೇಳಿದ. ಅಲ್ಲ ಎಂದೆ.

ಅಡುಗೆಯ ಅಕ್ಕ ಮುಂದೆ ಕೆಲಸ ಬಿಟ್ಟು ಹೋದರು. ಅಲ್ಲಿ ಯಾರು ಬೇಕಾದರೂ ಯಾವ ತಿಂಗಳ ಕೊನೆಗೆ ಬೇಕಾದರೂ ಕೆಲಸ ಬಿಟ್ಟು ಹೋಗಬಹುದು. ಮನೆಯಿಂದ ಹಾಗೆ ಯಾರೂ ಹೋಗುವುದಿಲ್ಲ ಎಂದು ನಾನು ತಿಳಿದದ್ದು ಮದುವೆಯಾದ ಮೇಲೆ.

ಚಿತ್ರದಲ್ಲಿ ಹದಿನೆಂಟು ತುಂಬಿದ ದಿನವನ್ನು ತೋರಿಸಿ. ಪೆಟ್ಟಿಗೆ, ಅಂಕಪಟ್ಟಿ, ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ. ಹದಿನೆಂಟರ ನಂತರವೂ ಇಪ್ಪತ್ತೊಂದರವರೆಗೆ ಅನುಪಾಲನೆ ಎಂಬ ನೆರವು ಕಾಯ್ದೆಯಲ್ಲಿ ಇದೆ, ನನಗೆ ಅದು ಗೊತ್ತಾದಾಗ ಇಪ್ಪತ್ತನಾಲ್ಕು ತುಂಬಿತ್ತು. ದೊಡ್ಡವರಾದ ನಮ್ಮಂಥವರ ಮುಖ ತೋರಿಸಲು ನಮ್ಮ ಒಪ್ಪಿಗೆ ಸಾಕು. ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ. ನಾನು ಧ್ವನಿ ಮಾತ್ರ ಕೊಡಬಲ್ಲೆ.

ಪ್ರಶ್ನೆ ಕೇಳಿದವರು: ಅರ್ಧಕತ್ತಲು

ಮೂರು ದಿನ ಏನೂ ಬರೆಯಲಾಗಲಿಲ್ಲ, ಕ್ಷಮಿಸಿ. ನಮ್ಮ ಹತ್ತಿರವೂ ಕಿಟಕಿಯ ಪಕ್ಕದ ದೃಶ್ಯವೊಂದಿದೆ. ಯಾರಿಗೂ ಯಾರನ್ನೂ ನೆನೆಸಿಕೊ ಎಂದು ನಾವು ಹೇಳಿರಲಿಲ್ಲ, ಆದರೆ ಅದನ್ನು ಚಿತ್ರಿಸುವಾಗ ನಮಗೂ ಇನ್ನೊಂದು ಸಲ ಎನ್ನಿಸಿತ್ತು ಎಂಬುದು ನಿಜ. ಆ ಎರಡು ನಿಮಿಷ ಹನ್ನೊಂದು ಸೆಕೆಂಡನ್ನು ನಿನ್ನೆ ತೆಗೆದೆವು. ಆರಂಭದ ಸಂಖ್ಯೆಯ ಫಲಕವೂ ಹೋಯಿತು. ಭಾನುವಾರದ ಭೇಟಿ ಅವರು ಊಹಿಸಿದ್ದು ಸರಿ, 14 ಕೋಟಿ ಎಂದೇ ಬರೆದಿದ್ದೆವು. ಮೊದಲ ಪೋಸ್ಟಿನಲ್ಲಿರುವ ಜಡೆಯ ಮಾತನ್ನು ತೆಗೆಯಲು ನಿರ್ವಾಹಕರಿಗೆ ಬರೆದಿದ್ದೇನೆ, ಇನ್ನೂ ಆಗಿಲ್ಲ.

ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಬರೆದಿದ್ದೇವೆ. ಅನುಮತಿ ಸಿಗದಿದ್ದರೆ ಒಂದು ಮುಖವೂ ಇಲ್ಲದೆ, ಕೈಗಳು, ಚಪ್ಪಲಿಗಳ ಸಾಲು ಮತ್ತು ಧ್ವನಿಗಳಿಂದಲೇ ಸಂಕಲನ ಮಾಡಬೇಕಾಗುತ್ತದೆ. ಆ ಹುಡುಗಿಯ ಅಜ್ಜಿಯನ್ನು ಮೊನ್ನೆ ಅವರ ಊರಿಗೆ ಹೋಗಿ ಕಂಡೆವು, ಕ್ಯಾಮರಾ ಒಯ್ಯಲಿಲ್ಲ. ಅವರು ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟು, ನೀವು ಅವಳನ್ನು ಟೀವಿಯಲ್ಲಿ ತೋರಿಸಿದರೆ ಯಾರಾದರೂ ಕರೆದುಕೊಂಡು ಹೋಗಿಬಿಡುತ್ತಾರಾ ಎಂದು ಕೇಳಿದರು. ಇಲ್ಲ ಎಂದು ಹೇಳಿದೆ; ಮಹಡಿಯ ಮೇಲಿನ ಆ ದಂಪತಿಗಳ ನೆನಪಾಗಿ ನನ್ನ ಧ್ವನಿ ಸಣ್ಣದಾಯಿತು. 4,000 ರೂಪಾಯಿಯ ಯೋಜನೆಯ ಹೆಸರನ್ನು ಅವರು ಕೇಳಿರಲಿಲ್ಲ. ಸೊಸೆಯ ಮರಣ ಪ್ರಮಾಣಪತ್ರ ಅಕ್ಕಿ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿತ್ತು, ಅದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ.

ಬರುವ ಮಂಗಳವಾರ ಅವರೊಂದಿಗೆ ಆ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ. ಇಂಥ ತಿದ್ದುಪಡಿಗೆ ಏನೇನು ದಾಖಲೆ ಒಯ್ಯಬೇಕೆಂದು ಭಾನುವಾರದ ಭೇಟಿ ಅವರು ತಿಳಿಸಿದರೆ ಉಪಕಾರವಾಗುತ್ತದೆ, ಅಜ್ಜಿಯನ್ನು ಎರಡನೆಯ ಸಲ ಬಸ್ಸು ಹತ್ತಿಸಲು ನಮಗೆ ಮನಸ್ಸಿಲ್ಲ. ಹಾಸಿಗೆ ಸಂಖ್ಯೆ 14 ಅವರೇ, ನಿಮ್ಮ ಧ್ವನಿಯನ್ನು ದಾಖಲಿಸಲು ನೀವು ಹೇಳಿದ ಊರಿಗೆ ನಾವೇ ಬರುತ್ತೇವೆ. ಸಂಕಲನ ಮುಗಿದ ಮೇಲೆ ಮೊದಲು ನೀವು ಕೇಳಿ, ಬೇಡ ಎಂದರೆ ತೆಗೆದುಬಿಡುತ್ತೇವೆ.